ಪ್ರಶ್ನೆಪತ್ರಿಕೆಯೂ ಪಾಠವೂ: ಪ್ರೌಢಶಾಲೆಯ ಕೊನೆಯ ವರ್ಷದ ಗಣಿತ-ವಿಜ್ಞಾನಾಭ್ಯಾಸದ ಚರಿತ್ರೆಗೆ ಒಂದು ಪ್ರವೇಶ

ನಮ್ಮ ದೇಶದ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಒಂದೇ ಜಾತಿಯ ಆಧಾರಗಳನ್ನು ಅವಲಂಬಿಸಿದ್ದಾರೆ. ಸರಕಾರದ ನಿರೂಪಗಳು, ಆಯೋಗಗಳ ವರದಿಗಳು, ವಿಶ್ವವಿದ್ಯಾನಿಲಯದ ಶಾಸನಗಳು, ಪಠ್ಯಕ್ರಮದ ಪಟ್ಟಿಗಳು ಇವೇ ಆ ಆಧಾರಗಳು. ಏನನ್ನು ಕಲಿಸಬೇಕೆಂದು ಹಿರಿಯರು ಬಯಸಿದರೆಂಬುದು ಇವುಗಳಿಂದ ತಿಳಿಯುತ್ತದೆ. ಆದರೆ ಪ್ರೌಢಶಾಲೆಯ ಕೊನೆಯ ತರಗತಿಯಲ್ಲಿ ಕುಳಿತ ಹುಡುಗನೋ ಹುಡುಗಿಯೋ ಮಾಘ ಫಾಲ್ಗುಣದ ರಾತ್ರಿಗಳಲ್ಲಿ ದೀಪದ ಮುಂದೆ ನಿಜವಾಗಿ ಏನನ್ನು ಓದಿದರು, ಹೇಗೆ ಓದಿದರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯುವುದು ವಿರಳ. ಅದು ದೊರೆಯುವ ಸ್ಥಳ ಬೇರೆ. ಹಳೆಯ ಪ್ರಶ್ನೆಪತ್ರಿಕೆಗಳು, ಅವುಗಳ ಉತ್ತರ ಸಂಗ್ರಹಗಳು, ಗೈಡುಗಳು, ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಮಾರಾಟವಾದ ತೆಳು ಪುಸ್ತಕಗಳು. ವಿದ್ವಾಂಸರು ಇವನ್ನು ಕೈಯಿಂದ ಮುಟ್ಟಲೂ ಹಿಂಜರಿದಿದ್ದಾರೆ. ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸಹೊರಟಿರುವುದು ಇಷ್ಟೆ: ಕನ್ನಡ ನಾಡಿನಲ್ಲಿ ಗಣಿತ ಮತ್ತು ವಿಜ್ಞಾನಗಳ ಅಭ್ಯಾಸದ ರೂಪವನ್ನು ನಿರ್ಣಯಿಸಿದ್ದು ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಪ್ರಶ್ನೆಪತ್ರಿಕೆಯ ರೂಪವೇ.

ಪರೀಕ್ಷೆ ಬರುವುದಕ್ಕೆ ಮುಂಚೆ ಏನಿತ್ತೆಂಬುದನ್ನು ಮೊದಲು ನೋಡುವುದು ಯುಕ್ತ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ಸ್ಥಿತಿಯನ್ನು ವಿಚಾರಿಸಿ ವರದಿ ಕಳುಹಿಸಬೇಕೆಂದು ಜಿಲ್ಲಾಧಿಕಾರಿಗಳಿಗೆ ಆದೇಶವಿತ್ತನಷ್ಟೆ. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿ ಇವುಗಳಲ್ಲೆಲ್ಲ ಅತ್ಯಂತ ಸ್ವಾರಸ್ಯವಾದುದು. ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದೂ, ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು ಎಂದೂ ಅದರಿಂದ ತಿಳಿದುಬರುತ್ತದೆ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು; ಅನಂತರ ಇದ್ದಲಿನ ಪುಡಿ ಬಳಿದ ಹಲಗೆಯ ಮೇಲೋ ಮಡಿಸುವ ಕಡತದ ಮೇಲೋ ಬಳಪದಿಂದ ಬರೆಯುತ್ತಿದ್ದರು. ಮಗ್ಗಿಯನ್ನು, ಪೂರ್ಣಾಂಕಗಳದನ್ನು ಮಾತ್ರವಲ್ಲದೆ ಭಿನ್ನರಾಶಿಗಳದನ್ನೂ, ಒಬ್ಬನು ಹೇಳಿಕೊಡಲು ಉಳಿದವರು ಒಕ್ಕೊರಲಿನಿಂದ ಹೇಳುತ್ತಿದ್ದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಂದ ಮುಂದೆ ಬೆತ್ತದ ಏಟು, ಒಂದರಂತೆ ಏರುತ್ತ. ಅಂಕ ಕೊಡುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲವೆನ್ನುವವರು ಈ ಸೊನ್ನೆಯನ್ನು ಗಮನಿಸಬೇಕು.

ಅರ್ಥವರಿಯದೆ ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಿದ್ದುದನ್ನು ಕ್ಯಾಂಬೆಲ್ ಕಟುವಾಗಿಯೇ ಟೀಕಿಸಿದ್ದಾನೆ. ಆದುದರಿಂದ ಕಂಠಪಾಠವೆಂಬುದು ಇಂಗ್ಲಿಷ್ ಪರೀಕ್ಷೆಯೊಡನೆ ಹಡಗಿನಲ್ಲಿ ಬಂದ ರೋಗವೆಂದು ಭಾವಿಸುವುದು ಸರಿಯಲ್ಲ. ಆದರೂ ಒಂದು ಭೇದವುಂಟು. ಐಗಳ ಮಠದಲ್ಲಿ ಉರುಹೊಡೆದ ಮಗ್ಗಿಗೆ ಅಂಗಡಿಯಲ್ಲಿ, ಕಣದಲ್ಲಿ, ಶಾನುಭೋಗರ ಲೆಕ್ಕದಲ್ಲಿ ಮರುದಿನವೇ ಉಪಯೋಗವಿತ್ತು. ಮುಕ್ಕಾಲು ಸೇರಿನ ಬೆಲೆ ಗೊತ್ತಿದ್ದರೆ ಹತ್ತೂವರೆ ಸೇರಿಗೆ ಎಷ್ಟೆಂದು ಬಾಯಲ್ಲಿ ಹೇಳಬಲ್ಲವನು ಕಲಿತವನು. ತ್ರೈರಾಶಿಕದ ಈ ಪರಂಪರೆ ಬಹು ಹಳೆಯದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ 12ನೆಯ ಶತಮಾನದ ರಾಜಾದಿತ್ಯನ ಕನ್ನಡ ವ್ಯವಹಾರಗಣಿತದಲ್ಲಿಯೂ ಅದನ್ನು ಕಾಣಬಹುದು. ಕಲಿತದ್ದನ್ನು ಒರೆಗೆ ಹಚ್ಚುವವರು ಊರಿನ ಜನರೇ ಆಗಿದ್ದರು. ದೂರದ ನಗರದಲ್ಲಿ ಕುಳಿತು, ಹುಡುಗನ ಮುಖವನ್ನು ಎಂದೂ ನೋಡದೆ, ಅವನ ಯೋಗ್ಯತೆಯನ್ನು ಅಂಕೆಗಳಲ್ಲಿ ನಿರ್ಣಯಿಸುವ ಅಪರಿಚಿತ ಪರೀಕ್ಷಕನು ಇನ್ನೂ ಬಂದಿರಲಿಲ್ಲ.

ಅವನು ಬಂದದ್ದು 1857ರಲ್ಲಿ. ಅದಕ್ಕೆ ಭೂಮಿಕೆ ಮೊದಲೇ ಸಿದ್ಧವಾಗಿತ್ತು. ಇಂಗ್ಲಿಷ್ ವಿದ್ಯೆ ಪಡೆದವರಿಗೆ ಸರಕಾರದ ನೌಕರಿಯಲ್ಲಿ ಪ್ರಾಶಸ್ತ್ಯ ಕೊಡಬೇಕೆಂದು ಗವರ್ನರ್ ಜನರಲ್ ಹಾರ್ಡಿಂಜ್ 1844ರಲ್ಲಿ ನಿರ್ಣಯಿಸಿದ್ದನು. ವಿಶ್ವವಿದ್ಯಾನಿಲಯಗಳನ್ನು ಸ್ಥಾಪಿಸಬೇಕೆಂದು ಚಾರ್ಲ್ಸ್ ವುಡ್‌ನ 1854ರ ನಿರೂಪವು ಸೂಚಿಸಿತ್ತು. ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಹುಟ್ಟಿದ ಮೂರು ವಿಶ್ವವಿದ್ಯಾನಿಲಯಗಳೂ ಅಂದಿನ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯವು. ಅಂದರೆ ಅವು ಪಾಠ ಹೇಳುವ ಸಂಸ್ಥೆಗಳಾಗಿರದೆ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದವು. ಅವುಗಳ ಹೊಸ್ತಿಲಿನಲ್ಲಿ ನಿಂತಿದ್ದ ಮೆಟ್ರಿಕ್ಯುಲೇಷನ್ ಪರೀಕ್ಷೆಯು ಹೆಸರಿಗೆ ಕಾಲೇಜಿನ ಬಾಗಿಲು. ವಾಸ್ತವದಲ್ಲಿ ಕಚೇರಿಯ ಗುಮಾಸ್ತೆ ಕೆಲಸದ ಬಾಗಿಲು. ಮೈಸೂರು ಸಂಸ್ಥಾನದ ಸೆಂಟ್ರಲ್ ಕಾಲೇಜು, ಮಹಾರಾಜಾ ಕಾಲೇಜುಗಳು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗುವವರೆಗೆ ಮದರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿಗಳ ಹುಡುಗರು ಮುಂಬಯಿಯ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಿದ್ದರು. ಕನ್ನಡದ ಮಕ್ಕಳ ವರ್ಷಾಂತ್ಯದ ಓದನ್ನು ಹೀಗೆ ಎರಡು ಕಡಲತೀರದ ನಗರಗಳು ನಿಯಂತ್ರಿಸಿದವು.

ಈ ಪರೀಕ್ಷೆಯಲ್ಲಿ ಗಣಿತದ ಪಾಡು ಏನಾಯಿತೆಂಬುದಕ್ಕೆ ರೇಖಾಗಣಿತವು ಒಳ್ಳೆಯ ನಿದರ್ಶನ. 19ನೆಯ ಶತಮಾನದಲ್ಲಿ ರೇಖಾಗಣಿತವೆಂದರೆ ಯೂಕ್ಲಿಡನ ಗ್ರಂಥ. ನಮ್ಮ ಶಾಲೆಗಳಲ್ಲಿ ಅದಕ್ಕೆ ವಿಶೇಷವಾಗಿ ಬಳಕೆಯಾದದ್ದು ಕೇಂಬ್ರಿಜ್‌ನ ಐಸಾಕ್ ಟಾಡ್‌ಹಂಟರನು 1862ರಲ್ಲಿ ಸಿದ್ಧಪಡಿಸಿದ ಆವೃತ್ತಿ. ಪರೀಕ್ಷಕನು ಇಂಥ ಪುಸ್ತಕದ ಇಂಥ ಪ್ರಮೇಯವನ್ನು ಸಾಧಿಸು ಎಂದು ಕೇಳುವನು. ವಿದ್ಯಾರ್ಥಿಯು ಮೊದಲನೆಯ ಪುಸ್ತಕದ 47ನೆಯದನ್ನೋ, ಕತ್ತೆಗಳ ಸೇತುವೆಯೆಂದು ಹೆಸರಾದ 5ನೆಯದನ್ನೋ ಅಕ್ಷರಶಃ ಬರೆಯುವನು. ಯೂಕ್ಲಿಡನ ಅನುಕ್ರಮವೇ ಪ್ರಮಾಣವಾದ್ದರಿಂದ ಬೇರೆ ದಾರಿಯಿಂದ ಸಾಧಿಸುವುದರಲ್ಲಿ ಅಪಾಯವಿತ್ತು. ತರ್ಕವನ್ನು ಕಲಿಸಲೆಂದು ಪಠ್ಯದಲ್ಲಿ ಸೇರಿದ ವಿಷಯವು ಸ್ಮರಣಶಕ್ತಿಯ ವ್ಯಾಯಾಮವಾಯಿತು. ಚಿತ್ರದಲ್ಲಿ ಅ ಬ ಕ ಎಂಬ ಗುರುತುಗಳನ್ನು ಅದಲುಬದಲು ಮಾಡಿದರೆ ಸಾಧನೆಯೇ ಕೈಕೊಡುವ ವಿದ್ಯಾರ್ಥಿಗಳನ್ನು ಕಾಣದ ಉಪಾಧ್ಯಾಯರು ಇಂದಿಗೂ ಇರಲಾರರು. ಇಂಗ್ಲೆಂಡಿನಲ್ಲಿ ಜಾನ್ ಪೆರಿಯ ಚಳವಳಿಯ ಫಲವಾಗಿ ಕೇಂಬ್ರಿಜ್ 1903ರಲ್ಲಿ ಯೂಕ್ಲಿಡನ ಅನುಕ್ರಮದ ಕಟ್ಟನ್ನು ಸಡಿಲಿಸಿತು. ಹಾಲ್ ಮತ್ತು ಸ್ಟೀವನ್ಸ್‌ರ ಹೊಸ ರೇಖಾಗಣಿತವು ಬಂದು ನಮ್ಮಲ್ಲಿಯೂ ದಶಕಗಳ ಕಾಲ ಬಳಕೆಯಲ್ಲಿತ್ತು. ಗ್ರಂಥ ಬದಲಾಯಿತು. ಆದರೆ ಪ್ರಮೇಯವನ್ನು ಹೇಳಿ ಸಾಧಿಸು ಎಂಬ ಪ್ರಶ್ನೆಯ ರೂಪವು ಬದಲಾಗಲಿಲ್ಲ. ಹೀಗಿರಲು ಓದುವ ರೀತಿಯಾದರೂ ಏಕೆ ಬದಲಾದೀತು?

ಇದೇ ಕಾಲದಲ್ಲಿ ಕುಂಭಕೋಣದ ಟೌನ್ ಹೈಸ್ಕೂಲಿನಲ್ಲಿ ಓದುತ್ತಿದ್ದ ಶ್ರೀನಿವಾಸ ರಾಮಾನುಜನ್ ಅವರ ಚರಿತ್ರೆ ಇಲ್ಲಿ ಪ್ರಸ್ತುತ. 1903ರಲ್ಲಿ, ಮೆಟ್ರಿಕ್ಯುಲೇಷನ್ನಿನ ವರ್ಷದಲ್ಲಿ, ಅವರ ಕೈಗೆ ಜಿ. ಎಸ್. ಕಾರ್ ಎಂಬಾತನ ಗಣಿತಸಂಗ್ರಹವು ಬಂದಿತು. ಸುಮಾರು ಐದು ಸಾವಿರ ಫಲಿತಗಳನ್ನು ಒಂದರ ಕೆಳಗೊಂದು ಪೋಣಿಸಿ, ಸಾಧನೆಯನ್ನು ಒಂದೆರಡು ಸಾಲಿನಲ್ಲಿ ಸೂಚಿಸಿಯೋ ಪೂರ್ಣವಾಗಿ ಬಿಟ್ಟೋ ಬರೆದ ಪುಸ್ತಕವದು. ಕಾರ್ ದೊಡ್ಡ ಗಣಿತಜ್ಞನೇನೂ ಅಲ್ಲ. ಕೇಂಬ್ರಿಜ್‌ನ ಟ್ರೈಪಾಸ್ ಪರೀಕ್ಷೆಗೆ ಹುಡುಗರನ್ನು ತಯಾರುಮಾಡುವ ಖಾಸಗಿ ಬೋಧಕ. ಪರೀಕ್ಷೆಗೆ ಉರುಹೊಡೆಯಲೆಂದು ಹುಟ್ಟಿದ ಒಣ ಪಟ್ಟಿಯನ್ನು ಆ ಹುಡುಗನು ಸಾಧನೆಗಳಿಗೆ ಆಹ್ವಾನವೆಂದು ಓದಿದನು. ಅದರ ಪರಿಣಾಮ ಜಗತ್ತಿಗೆ ತಿಳಿದೇ ಇದೆ. ಪರೀಕ್ಷೆಯ ಕಡೆಯಿಂದ ನೋಡಿದರೆ ಕಥೆ ಬೇರೆ. ಮೆಟ್ರಿಕ್ಯುಲೇಷನ್ನಿನಲ್ಲಿ ಉತ್ತಮವಾಗಿ ತೇರ್ಗಡೆಯಾಗಿ ವಿದ್ಯಾರ್ಥಿವೇತನ ಪಡೆದವರು, ಗಣಿತದ ಹೊರತು ಇತರ ವಿಷಯಗಳನ್ನು ಅಲಕ್ಷಿಸಿದ್ದರಿಂದ, ಮುಂದಿನ ಎಫ್.ಎ. ಪರೀಕ್ಷೆಯನ್ನು ಕುಂಭಕೋಣದಿಂದಾಗಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಿಂದಾಗಲಿ ಕೊನೆಗೂ ದಾಟಲಿಲ್ಲ. ಈ ಒಂದು ಉದಾಹರಣೆಯಿಂದ ಪರೀಕ್ಷೆಯನ್ನು ಖಂಡಿಸುವುದು ಬಳಕೆಯಾಗಿಬಿಟ್ಟಿದೆ. ನಮಗೆ ಅದು ಸಮಂಜಸವೆಂದು ತೋರುವುದಿಲ್ಲ. ಅಂಥ ಪ್ರತಿಭೆಯನ್ನು ಅಳೆಯುವ ಕೋಲು ಯಾವ ದೇಶದ ಶಾಲೆಯಲ್ಲಿಯೂ ಇದ್ದಂತಿಲ್ಲ. ನಾವು ಗಮನಿಸಬೇಕಾದ್ದು ಸಾಧಾರಣ ವಿದ್ಯಾರ್ಥಿಯನ್ನು. ಅದೇ ಬಗೆಯ ಸಂಗ್ರಹ ಅವನ ಕೈಗೆ ಬಂದಾಗ ಅವನು ಸಾಧನೆಗಳನ್ನು ಹುಡುಕಲಿಲ್ಲ. ಪಟ್ಟಿಯನ್ನೇ ಬಾಯಿಪಾಠ ಮಾಡಿದನು. ಪ್ರಶ್ನೆಪತ್ರಿಕೆಯು ಅವನಿಂದ ಕೇಳಿದ್ದೂ ಅದನ್ನೇ.

ವಿಜ್ಞಾನದ ಮಾತು ಇನ್ನೂ ವಿಚಿತ್ರ. ಮೇಲೆ ಹೇಳಿದ ಟಾಡ್‌ಹಂಟರನು 1873ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಹುಡುಗನಿಗೆ ಪ್ರಯೋಗವನ್ನು ಮಾಡಿ ತೋರಿಸುವ ಅವಶ್ಯಕತೆಯೇನು, ಸಚ್ಚರಿತ್ರನಾದ ಗುರುವಿನ ಮಾತನ್ನು ನಂಬದ ಶಿಷ್ಯನ ಸಂಶಯವೇ ಅಸಂಗತವಲ್ಲವೆ ಎಂಬರ್ಥದ ವಾದವನ್ನು ಹೂಡಿದ್ದಾನೆ. ಇಂಗ್ಲೆಂಡಿನವರು ಈ ವಾದವನ್ನು ನಕ್ಕು ಮರೆತರು. ನಮ್ಮ ಪ್ರೌಢಶಾಲೆಗಳು ಯಾರೂ ಉಪದೇಶಿಸದೆಯೇ ಅದನ್ನು ಆಚರಣೆಗೆ ತಂದವು. ಆಮ್ಲಜನಕವನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ಕ್ರಮವನ್ನು ಚಿತ್ರಸಹಿತ ವಿವರಿಸು ಎಂಬ ಪ್ರಶ್ನೆಯನ್ನು ನೆನೆಯದ ಓದುಗರು ಇದ್ದಾರೆಯೆ? ಪೊಟಾಸಿಯಂ ಕ್ಲೋರೇಟು, ಮ್ಯಾಂಗನೀಸ್ ಡೈ ಆಕ್ಸೈಡು, ಗಟ್ಟಿ ಗಾಜಿನ ನಳಿಕೆ, ನೀರು ತುಂಬಿದ ತೊಟ್ಟಿ, ತಲೆಕೆಳಗಾದ ಅನಿಲ ಜಾಡಿ. ಅನಂತರ ಗುಣಗಳು, ಉಪಯೋಗಗಳು. ನಳಿಕೆಯ ಬಾಯಿ ಸ್ವಲ್ಪ ಕೆಳಮುಖವಾಗಿರಬೇಕೆಂದು ಬರೆದವನಿಗೆ ಅರ್ಧ ಅಂಕ ಹೆಚ್ಚು. ಅದು ಏಕೆ ಹಾಗಿರಬೇಕೆಂಬುದು ಕಾದ ಗಾಜಿನ ಮೇಲೆ ನೀರಿನ ಹನಿ ಹಿಂದಿರುಗಿ ಬಿದ್ದು ನಳಿಕೆ ಸಿಡಿದುದನ್ನು ಕಂಡವನಿಗೆ ಕ್ಷಣದಲ್ಲಿ ತಿಳಿಯುವ ಸಂಗತಿ. ಕಾಣದವನಿಗೆ ಅದು ನೆನಪಿಡಬೇಕಾದ ಮತ್ತೊಂದು ಸಾಲು. ಆದರೆ ಲಿಖಿತ ಪರೀಕ್ಷೆಯಲ್ಲಿ ಇವರಿಬ್ಬರ ಉತ್ತರಗಳೂ ಒಂದೇ. ನಳಿಕೆ, ಜಾಡಿಗಳಿಗೆ ಹಣವಿಲ್ಲದ ಶಾಲೆಯ ಮುಖ್ಯೋಪಾಧ್ಯಾಯರು ಈ ಸತ್ಯವನ್ನು ಬೇಗನೆ ಗ್ರಹಿಸಿದರು. ಬೀಗ ಹಾಕಿದ ಗಾಜಿನ ಕಪಾಟು, ಅದರೊಳಗೆ ಧೂಳು ಹಿಡಿದ ಉಪಕರಣಗಳು, ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಬರೆದ ಅಂದವಾದ ಚಿತ್ರ, ಹೀಗೆ ವಿಜ್ಞಾನವು ಚಿತ್ರಕಲೆಯ ಸೋದರಿಯಾಯಿತು.

ಅಂಕಗಣಿತದಲ್ಲಿ ಮಾತ್ರ ಒಂದು ಬದಲಾವಣೆ ಹೊರಗಿನಿಂದ, ಪೇಟೆಯ ಕಡೆಯಿಂದ, ಬಂದು ಓದಿನ ಹೊರೆಯನ್ನು ನಿಜವಾಗಿ ತಗ್ಗಿಸಿತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಮಣ, ಸೇರು, ತೊಲ, ಇವುಗಳ ಜೊತೆಗೆ ಪೌಂಡು, ಷಿಲ್ಲಿಂಗು, ಪೆನ್ಸುಗಳು. ಮಿಶ್ರ ಗುಣಾಕಾರ ಭಾಗಾಕಾರಗಳಲ್ಲಿ ಹುಡುಗರ ತಿಂಗಳುಗಳೇ ಕಳೆಯುತ್ತಿದ್ದವು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯಾಯಿತು. 1958ರಿಂದ ತೂಕ ಅಳತೆಗಳೂ ಹಂತ ಹಂತವಾಗಿ ಮೆಟ್ರಿಕ್ ಆದವು. ಯಾವ ಶಿಕ್ಷಣ ಆಯೋಗವೂ ಮಾಡಲಾರದ ಉಪಕಾರವನ್ನು ನಾಣ್ಯವೊಂದು ಮಾಡಿತು. ಹೀಗೆ ಬಿಡುವಾದ ಸ್ಥಳವನ್ನು ಬೇರೆ ಪಾಠಗಳು ಬೇಗನೆ ಆಕ್ರಮಿಸಿದವೆಂಬುದನ್ನೂ, ಅವುಗಳಲ್ಲಿ ಗಣಸಿದ್ಧಾಂತವೂ ಒಂದೆಂಬುದನ್ನೂ ಹೇಳಿಬಿಡಬೇಕು.

ಭಾಷೆಯ ಪ್ರಶ್ನೆಗೆ ಬರೋಣ. ಇದು ನಮ್ಮ ವಿದ್ಯಾರ್ಥಿಯ ಓದಿನಲ್ಲಿ ಎಲ್ಲಕ್ಕಿಂತ ಭಾರವಾದ ಕಲ್ಲು. ಮದರಾಸು, ಮುಂಬಯಿಗಳ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ. ಕಲಬುರಗಿ, ರಾಯಚೂರು, ಬೀದರುಗಳ ಕನ್ನಡದ ಹುಡುಗರ ಸ್ಥಿತಿ ಇನ್ನೊಂದು ಬಗೆಯದು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪಿತವಾದ ಮೇಲೆ ಅವರು ಬೀಜಗಣಿತವನ್ನೂ ಭೌತಶಾಸ್ತ್ರವನ್ನೂ ಮನೆಯ ಭಾಷೆಯೂ ಅಲ್ಲದ, ಇಂಗ್ಲಿಷೂ ಅಲ್ಲದ ಮೂರನೆಯ ಭಾಷೆಯಲ್ಲಿ ಕಲಿತರು. ಅದೇ 1918ರಲ್ಲಿಯೇ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದರೆಂಬುದು ಕೇವಲ ಆಕಸ್ಮಿಕವಿರಬಹುದು. ಆದರೂ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕಾದ ಸಂಗತಿ. ಒಂದು ಕಡೆ ರಾಜಾಶ್ರಯವಿದ್ದ ಭಾಷಾಂತರ ವಿಭಾಗ. ಇನ್ನೊಂದು ಕಡೆ ಇಬ್ಬರು ಮೂವರು ವಿದ್ವಾಂಸರ ಸ್ವಂತ ಶ್ರಮ. 'ವಿಜ್ಞಾನ'ವು ಎರಡು ವರ್ಷ ನಡೆದು ನಿಂತಿತು. ಅದರ ಮಾತುಗಳು ನಿಲ್ಲಲಿಲ್ಲ. ಕನ್ನಡದಲ್ಲಿ ವಿಜ್ಞಾನವನ್ನು ಬರೆಯಬಹುದೆಂಬ ಧೈರ್ಯ ಮುಂದಿನ ಪಠ್ಯಪುಸ್ತಕಕಾರರಿಗೆ ಬಂದದ್ದು ಇಂಥ ಪ್ರಯತ್ನಗಳಿಂದ.

ಪ್ರೌಢಶಾಲೆಯಲ್ಲಿ ಕನ್ನಡವು ಮಾಧ್ಯಮವಾಗಿ ನೆಲೆಗೊಂಡ ಮೇಲೆ ಕಷ್ಟವು ಮಾಯವಾಗದೆ ಒಂದು ಮೆಟ್ಟಿಲು ಮೇಲಕ್ಕೆ ಸರಿಯಿತು. ಹತ್ತನೆಯ ತರಗತಿಯ ವಿದ್ಯಾರ್ಥಿನಿಯು ವೇಗೋತ್ಕರ್ಷ, ಸಂವೇಗ, ದ್ರವ್ಯರಾಶಿ, ಪ್ರತ್ಯಾಮ್ಲ ಎಂಬ ಮಾತುಗಳನ್ನು ಮಾರ್ಚ್ ತಿಂಗಳವರೆಗೆ ಮನನ ಮಾಡಿ, ಅವುಗಳಲ್ಲಿಯೇ ಯೋಚಿಸಲು ಕಲಿತು, ಪರೀಕ್ಷೆಯಲ್ಲಿ ಉತ್ತಮ ಅಂಕಗಳನ್ನು ಪಡೆಯುತ್ತಾಳೆ. ಮಳೆಗಾಲದಲ್ಲಿ ಪದವಿಪೂರ್ವ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಸೇರುತ್ತಲೇ ಆ ಮಾತುಗಳೆಲ್ಲ ಚಲಾವಣೆಯಿಲ್ಲದ ನಾಣ್ಯಗಳಾಗುತ್ತವೆ. ಆಕ್ಸಲರೇಷನ್, ಮೊಮೆಂಟಮ್, ಮಾಸ್, ಬೇಸ್ ಎಂದು ಮೊದಲಿನಿಂದ ಕಲಿಯಬೇಕು. ಅವಳಿಗೆ ತಿಳಿಯದಿರುವುದು ಭೌತಶಾಸ್ತ್ರವಲ್ಲ, ಅದರ ಹೊಸ ಹೆಸರುಗಳು ಎಂಬುದನ್ನು ಮೊದಲ ಕಿರುಪರೀಕ್ಷೆಯ ಅಂಕಪಟ್ಟಿ ಹೇಳುವುದಿಲ್ಲ. ಕಾಲೇಜಿನ ಅಧ್ಯಾಪಕರಾದ ನಮ್ಮ ಓದುಗರು ಈ ಜಾತಿಯ ಮೌನವನ್ನು ತಮ್ಮ ತರಗತಿಯ ಹಿಂದಿನ ಬೆಂಚುಗಳಲ್ಲಿ ಬಲ್ಲರು. ಶಾಲೆಯ ಕೊನೆಯ ಪರೀಕ್ಷೆಯ ಪದಕೋಶವೂ ಕಾಲೇಜಿನ ಮೊದಲ ಪಾಠದ ಪದಕೋಶವೂ ಒಂದನ್ನೊಂದು ಕೂಡಿಸದೆ ಇಷ್ಟು ದಶಕಗಳು ಕಳೆದಿವೆಯೆಂದರೆ ಅದಕ್ಕೆ ಇಬ್ಬರೂ ಹೊಣೆ.

ಸುಧಾರಣೆಯ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಮದರಾಸಿನಲ್ಲಿ 1911ರ ಸುಮಾರಿಗೆ ಮೆಟ್ರಿಕ್ಯುಲೇಷನ್ನಿನ ಸ್ಥಾನಕ್ಕೆ ಎಸ್.ಎಸ್.ಎಲ್.ಸಿ. ಬಂದಾಗ ಅದರ ಉದ್ದೇಶ ಪ್ರಶಂಸನೀಯವಾಗಿತ್ತು. ಶಾಲೆಯಲ್ಲಿ ವರ್ಷವಿಡೀ ಮಾಡಿದ ಕೆಲಸದ ಅಂಕಗಳೂ ಸಾರ್ವಜನಿಕ ಪರೀಕ್ಷೆಯ ಅಂಕಗಳೂ ಒಂದೇ ಪುಸ್ತಕದಲ್ಲಿ ದಾಖಲಾಗಬೇಕು. ಮೆಟ್ರಿಕ್ಯುಲೇಷನ್ನಿನ ದಬ್ಬಾಳಿಕೆಯನ್ನು 1929ರ ಹಾರ್ಟೋಗ್ ಸಮಿತಿ ಖಂಡಿಸಿತು. ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಆಯೋಗವು 1953ರಲ್ಲಿ ಬಾಹ್ಯ ಪರೀಕ್ಷೆಗಳ ಸಂಖ್ಯೆಯನ್ನು ತಗ್ಗಿಸಬೇಕೆಂದೂ, ಪ್ರಬಂಧರೂಪದ ಪ್ರಶ್ನೆಗಳ ಜೊತೆಗೆ ವಸ್ತುನಿಷ್ಠ ಪ್ರಶ್ನೆಗಳೂ ಬರಬೇಕೆಂದೂ ಹೇಳಿತು. 1957-58ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಬೆಂಜಮಿನ್ ಬ್ಲೂಮ್ ಭಾರತಕ್ಕೆ ಬಂದು ನಮ್ಮ ಉಪಾಧ್ಯಾಯರಿಗೆ ಕಾರ್ಯಾಗಾರಗಳನ್ನು ನಡೆಸಿದರು. ಜ್ಞಾನ, ಗ್ರಹಣ, ಅನ್ವಯ ಎಂದು ಪ್ರಶ್ನೆಗಳನ್ನು ವಿಂಗಡಿಸಿ, ಪ್ರತಿಯೊಂದು ಅಧ್ಯಾಯಕ್ಕೂ ಇಷ್ಟಿಷ್ಟು ಅಂಕಗಳೆಂದು ನೀಲನಕ್ಷೆ ಬರೆದು ಪ್ರಶ್ನೆಪತ್ರಿಕೆಯನ್ನು ರಚಿಸುವ ಪದ್ಧತಿ ಅಂದಿನಿಂದ ಬೇರೂರಿತು. ಹತ್ತು ವರ್ಷಗಳ ಶಾಲಾಶಿಕ್ಷಣದಲ್ಲಿ ಗಣಿತ ವಿಜ್ಞಾನಗಳು ಎಲ್ಲರಿಗೂ ಕಡ್ಡಾಯವಾಗಬೇಕೆಂದದ್ದು 1964-66ರ ಕೊಠಾರಿ ಆಯೋಗ. ನಮ್ಮ ರಾಜ್ಯದಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ 1966ರಲ್ಲಿ ಏರ್ಪಟ್ಟಿತು. 2022ರಲ್ಲಿ ಪದವಿಪೂರ್ವ ಪರೀಕ್ಷೆಯೂ ಅದೇ ಸೂರಿನಡಿಗೆ ಬಂದಿತು.

ಇವುಗಳಲ್ಲಿ ನೀಲನಕ್ಷೆಯ ಗತಿಯು ಚಿಂತನೀಯ. ಪ್ರಶ್ನೆ ಬರೆಯುವವನಿಗೆ ಶಿಸ್ತು ಕಲಿಸಲು ಹುಟ್ಟಿದ ಉಪಕರಣವದು. ಅದು ವಿದ್ಯಾರ್ಥಿಯ ಕೈಗೆ ಸಿಕ್ಕಿದೊಡನೆ ಓದಿನ ಉಪಕರಣವಾಯಿತು. ಯಾವ ಅಧ್ಯಾಯಕ್ಕೆ ಎಂಟು ಅಂಕ, ಯಾವುದಕ್ಕೆ ಎರಡು, ಯಾವ ಪ್ರಮೇಯ ನಾಲ್ಕು ಅಂಕಕ್ಕೆ ಬಂದೀತು, ಯಾವುದನ್ನು ನಿಶ್ಚಿಂತೆಯಿಂದ ಬಿಡಬಹುದು ಎಂದು ಲೆಕ್ಕ ಹಾಕುವುದರಲ್ಲಿ ನಮ್ಮ ಹುಡುಗರು ತೋರುವ ಕುಶಲತೆಯನ್ನು ಕಂಡರೆ, ಅವರಿಗೆ ಅನ್ವಯಜ್ಞಾನವಿಲ್ಲವೆಂದು ಹೇಳುವ ಧೈರ್ಯ ನಮಗಾಗದು. ಅದನ್ನು ಅವರು ವಿಷಯದ ಮೇಲೆ ಪ್ರಯೋಗಿಸದೆ ಪರೀಕ್ಷೆಯ ಮೇಲೆ ಪ್ರಯೋಗಿಸಿದ್ದಾರೆ. ಇದರಲ್ಲಿ ಅವರ ದೋಷವೇನೂ ಇಲ್ಲ.

ಇಷ್ಟೆಲ್ಲ ಹೇಳಿದರೂ, ಅಪರಿಚಿತ ಪರೀಕ್ಷಕನ ಪಕ್ಷದಲ್ಲಿ ಒಂದು ಮಾತನ್ನು ಹೇಳದಿದ್ದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಉತ್ತರಪತ್ರಿಕೆಯ ಮೇಲೆ ಇರುವುದು ಕೇವಲ ಒಂದು ಸಂಖ್ಯೆ. ಬರೆದವನ ಜಾತಿ ಯಾವುದು, ತಂದೆಯ ಸಂಬಳವೆಷ್ಟು, ಕಾಲಲ್ಲಿ ಚಪ್ಪಲಿಯಿದೆಯೆ ಇಲ್ಲವೆ ಎಂಬುದು ತಿದ್ದುವವನಿಗೆ ತಿಳಿಯದು. ಊರಿನ ಯಜಮಾನರ ಶಿಫಾರಸಿಲ್ಲದೆ ಹೋಗಲಾಗದಿದ್ದ ಸ್ಥಳಗಳಿಗೆ ಈ ಸಂಖ್ಯೆಯ ಬಲದಿಂದ ಹೋದವರ ಪೀಳಿಗೆಗಳೇ ನಮ್ಮ ನಾಡಿನಲ್ಲಿವೆ. ಶಾಲೆಯೊಳಗೇ ಅಂಕ ಕೊಡುವ ಪದ್ಧತಿಯನ್ನು ಹೊಗಳುವ ಸುಧಾರಕರು ಇದನ್ನು ಮರೆಯುವುದುಂಟು. ಇಂದು ವಿಜ್ಞಾನಕ್ಕೆ ಲಿಖಿತದಲ್ಲಿ 80, ಆಂತರಿಕವಾಗಿ 20 ಅಂಕಗಳಿವೆ. ಆ 20ರಲ್ಲಿ ಬಹುತೇಕ ಎಲ್ಲರಿಗೂ ಹತ್ತಿರ ಹತ್ತಿರ 20 ಬರುವುದನ್ನು ಬಲ್ಲವರು, ಏಕರೂಪದ ಲಿಖಿತ ಪರೀಕ್ಷೆಯನ್ನು ಜನರು ಏಕೆ ನಂಬುತ್ತಾರೆಂಬುದನ್ನೂ ಬಲ್ಲರು. ಅದರ ನ್ಯಾಯವೂ ಅದರ ಜಡತೆಯೂ ಒಂದೇ ಬೇರಿನಿಂದ ಹುಟ್ಟಿದವು.

ರೂಪವು ಓದನ್ನು ನಿರ್ಣಯಿಸುತ್ತದೆಂಬ ನಮ್ಮ ವಾದಕ್ಕೆ ಇತ್ತೀಚಿನ ಚರಿತ್ರೆಯೇ ಒಂದು ಪ್ರಯೋಗವನ್ನು ಒದಗಿಸಿದೆ. ಕೋವಿಡ್ ಪಿಡುಗಿನ ಕಾರಣದಿಂದ 2021ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆ ರದ್ದಾಯಿತು, ಎಸ್.ಎಸ್.ಎಲ್.ಸಿ.ಯನ್ನು ಎರಡೇ ದಿನಗಳಲ್ಲಿ ಮುಗಿಸಲಾಯಿತು. ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜವಿಜ್ಞಾನ ಮೂರನ್ನೂ ಒಂದೇ ಪತ್ರಿಕೆಯಲ್ಲಿ, ತಲಾ 40 ಅಂಕಗಳಂತೆ, ಬಹು ಆಯ್ಕೆಯ ಪ್ರಶ್ನೆಗಳ ರೂಪದಲ್ಲಿ ಕೇಳಿದರು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಅಂದು ಪ್ರಮೇಯವೊಂದನ್ನೂ ಸಾಧಿಸಲಿಲ್ಲ, ಚಿತ್ರವೊಂದನ್ನೂ ಬರೆಯಲಿಲ್ಲ; ವೃತ್ತಗಳನ್ನು ತುಂಬಿದರು. 1857ರಿಂದ ನಮ್ಮ ಗಣಿತಾಭ್ಯಾಸದ ಮೇಲೆ ಕುಳಿತಿದ್ದ ಸಾಧನೆಯ ಕಂಠಪಾಠವು ಒಂದು ಬೆಳಗಿನಲ್ಲಿ ನಿರುಪಯುಕ್ತವಾಯಿತು. ಅದರೊಡನೆ ಹಂತ ಹಂತವಾಗಿ ಲೆಕ್ಕ ಬಿಡಿಸಿ, ಕೊನೆಯ ಉತ್ತರ ತಪ್ಪಿದರೂ ದಾರಿ ಸರಿಯಾಗಿದ್ದುದಕ್ಕೆ ಅಂಕ ಗಳಿಸುವ ಅವಕಾಶವೂ ಹೋಯಿತು. ವೈದ್ಯಕೀಯ, ತಾಂತ್ರಿಕ ಶಿಕ್ಷಣದ ಪ್ರವೇಶಪರೀಕ್ಷೆಗಳ ಮೂಲಕ ಈ ರೂಪವು ಪಿ.ಯು. ವಿದ್ಯಾರ್ಥಿಗಳ ಓದನ್ನು ಬಹಳ ಹಿಂದೆಯೇ ಆಕ್ರಮಿಸಿದೆ. ಅವರಲ್ಲಿ ಅನೇಕರು ಒಂದೇ ಪಾಠವನ್ನು ಎರಡು ಬಗೆಯಾಗಿ, ವಿವರಿಸಲು ಒಮ್ಮೆ, ಗುರುತಿಸಲು ಒಮ್ಮೆ, ಓದುತ್ತಾರೆ.

ಮರುವರ್ಷ ಹಳೆಯ ರೂಪವು ಹಿಂದಿರುಗಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿಟ್ಟು ದೂರದಿಂದ ನೋಡುವ ವ್ಯವಸ್ಥೆ ಮಾಡಿದಾಗ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಎಸ್.ಎಸ್.ಎಲ್.ಸಿ.ಯ ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಪ್ರಮಾಣ ಹಿಂದಿನ ವರ್ಷದ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು. ಈ ಅಂಕಿಗಳ ಅರ್ಥವನ್ನು ಕುರಿತು ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ನಮ್ಮ ಆಸಕ್ತಿ ಇನ್ನೊಂದರಲ್ಲಿ. ಆ ವರ್ಷದ ಫಲಿತಾಂಶದ ಪಟ್ಟಿ ಎಲ್ಲೆಡೆ ದೊರೆಯುತ್ತದೆ; ಆದರೆ ಅದಕ್ಕಿಂತ ಐವತ್ತು ಅರುವತ್ತು ವರ್ಷ ಹಿಂದಿನ ಗಣಿತದ ಪ್ರಶ್ನೆಪತ್ರಿಕೆಯೊಂದು ಬೇಕೆಂದರೆ ಹುಡುಕಬೇಕಾದ್ದು ರದ್ದಿಯ ಅಂಗಡಿಯಲ್ಲಿ. ಪ್ರತಿ ಕಾಲೇಜಿನ ಗ್ರಂಥಭಂಡಾರವೂ ತನ್ನ ಪ್ರದೇಶದ ಪ್ರೌಢಶಾಲಾ ಪ್ರಶ್ನೆಪತ್ರಿಕೆಗಳನ್ನು, ಅಂಕ ಹಂಚುವ ಸೂಚನೆಗಳನ್ನು, ಸಾಧ್ಯವಾದರೆ ಆಯಾ ಕಾಲದ ಗೈಡುಗಳನ್ನೂ ವರ್ಷಾನುಕ್ರಮವಾಗಿ ಕಟ್ಟಿಸಿ ಇಡುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಮದರಾಸು, ಮುಂಬಯಿ, ಹೈದರಾಬಾದು, ಮೈಸೂರು ಈ ನಾಲ್ಕು ಪದ್ಧತಿಗಳ ಪತ್ರಿಕೆಗಳನ್ನು 1956ರವರೆಗೆ ಒಂದೆಡೆ ಕೂಡಿಸಿ ಹೋಲಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೊಳ್ಳುವುದಾದರೆ, ಮೊದಲು ರೇಖಾಗಣಿತದ ಪತ್ರಿಕೆಗಳಿಂದ ಆರಂಭಿಸಬಹುದು.